ಪಾಮೋಲಿವ್: ಪಂಕ್ ರಾಕ್ ಡ್ರಮ್ಮರ್

ಪಾಮೋಲಿವ್ ಎಂದು ಹೆಸರಾದ ಪಲೋಮಾ ರೊಮೆರೊ 1970ರ ದಶಕದ ಕೊನೆಯಲ್ಲಿ ಲಂಡನ್ನಿನ ಪಂಕ್ ರಾಕ್ ಸಂಗೀತದಲ್ಲಿ ಡ್ರಮ್ ಬಾರಿಸಿದ ಸ್ಪೇನ್ ದೇಶದ ಕಲಾವಿದೆ. ಸ್ಲಿಟ್ಸ್ ತಂಡವನ್ನು ಹುಟ್ಟುಹಾಕಿದವರಲ್ಲಿ ಈಕೆ ಒಬ್ಬಳು. ಆಮೇಲೆ ರೇನ್‌ಕೋಟ್ಸ್ ತಂಡ ಸೇರಿ ಅದರ ಮೊದಲ ಆಲ್ಬಮ್‌ಗೆ ಡ್ರಮ್ ನುಡಿಸಿದಳು. ಈಕೆಯ ವಾದನದ ಮುಖ್ಯ ಅವಧಿ 1976ರಿಂದ 1979ರವರೆಗಿನ ಮೂರು ವರ್ಷ ಮಾತ್ರ. ಪಂಕ್‌ನ ಚರಿತ್ರೆಗಳಲ್ಲಿ ಈಕೆ ಸಾಮಾನ್ಯವಾಗಿ ಎರಡು ವೇಷಗಳಲ್ಲಿ ಕಾಣಿಸಿಕೊಳ್ಳುತ್ತಾಳೆ: ಒಂದು, ಕ್ಲ್ಯಾಶ್ ತಂಡದ ಗಾಯಕ ಜೋ ಸ್ಟ್ರಮ್ಮರ್‌ನ ಹಿಂದಿನ ಗೆಳತಿ; ಇನ್ನೊಂದು, ಬಾರಿಸಲು ಕಲಿಯುವ ಮೊದಲೇ ಎದೆಗಾರಿಕೆಯಿಂದ ವೇದಿಕೆ ಹತ್ತಿದ ಹುಡುಗಿ. ಎರಡರಲ್ಲೂ ಸತ್ಯದ ಅಂಶವಿದೆ, ಆದರೆ ಎರಡರಲ್ಲೂ ಆಕೆಯ ಸಂಗೀತಕ್ಕೆ ಜಾಗವಿಲ್ಲ. ಉಳಿದಿರುವ ಧ್ವನಿಮುದ್ರಣಗಳನ್ನು ಕಿವಿಗೊಟ್ಟು ಕೇಳಿದರೆ ಬೇರೆಯೇ ತೀರ್ಮಾನಕ್ಕೆ ಬರಬೇಕಾಗುತ್ತದೆ. ಗಿಟಾರ್, ಉಡುಗೆ, ಹಾಡಿನ ವಸ್ತು ಎಲ್ಲವನ್ನೂ ಬುಡಮೇಲು ಮಾಡಿದ ಪಂಕ್ ಚಳವಳಿ ಡ್ರಮ್ಮನ್ನು ಮಾತ್ರ ಹಳೆಯ ಕೆಲಸಕ್ಕೇ ಬಿಟ್ಟಿತ್ತು. ಆ ಕೆಲಸವನ್ನು ಬದಲಿಸಿದ ಕೆಲವೇ ಮಂದಿಯಲ್ಲಿ ಪಾಮೋಲಿವ್ ಪ್ರಮುಖಳು ಎಂಬುದನ್ನು ಈ ಲೇಖನ ಪ್ರತಿಪಾದಿಸುತ್ತದೆ.

ಆಫ್ರಿಕದ ಉತ್ತರ ಕರಾವಳಿಯಲ್ಲಿ, ಮೊರಾಕ್ಕೊ ನೆಲಕ್ಕೆ ಅಂಟಿಕೊಂಡಿರುವ ಸ್ಪೇನ್ ಆಡಳಿತದ ಮೆಲಿಯಾ ಪಟ್ಟಣದಲ್ಲಿ 1950ರ ದಶಕದ ನಡುಭಾಗದಲ್ಲಿ ಪಲೋಮಾ ಹುಟ್ಟಿದಳು. ಆಗ ಸ್ಪೇನನ್ನು ಆಳುತ್ತಿದ್ದವನು ಸರ್ವಾಧಿಕಾರಿ ಫ್ರಾಂಕೊ. ಮದುವೆಯಾದ ಹೆಂಗಸು ಕೆಲಸಕ್ಕೆ ಸೇರಲು, ಬ್ಯಾಂಕ್ ಖಾತೆ ತೆರೆಯಲು ಗಂಡನ ಒಪ್ಪಿಗೆ ಬೇಕು ಎಂಬ ಕಾನೂನು ಅಲ್ಲಿ 1975ರವರೆಗೂ ಜಾರಿಯಲ್ಲಿತ್ತು. ಚರ್ಚು ಮತ್ತು ಸರ್ಕಾರ ಒಂದೇ ದನಿಯಲ್ಲಿ ಹೆಣ್ಣಿನ ನಡೆನುಡಿಯನ್ನು ನಿಯಂತ್ರಿಸುತ್ತಿದ್ದ ಆ ವಾತಾವರಣದಿಂದ ತಪ್ಪಿಸಿಕೊಂಡು ಪಲೋಮಾ 1970ರ ದಶಕದ ಮೊದಲ ವರ್ಷಗಳಲ್ಲಿ, ಇನ್ನೂ ಹದಿಹರೆಯದಲ್ಲೇ, ಲಂಡನ್ನಿಗೆ ಬಂದಳು. ನಗರದ ಪಶ್ಚಿಮ ಭಾಗದಲ್ಲಿ ಪುರಸಭೆ ಕೆಡವಲೆಂದು ಖಾಲಿ ಮಾಡಿಸಿದ್ದ ಮನೆಗಳು ಸಾಲುಸಾಲಾಗಿ ಬಿದ್ದಿದ್ದವು. ತರುಣ ತರುಣಿಯರು ಅವುಗಳಲ್ಲಿ ಬಾಡಿಗೆಯಿಲ್ಲದೆ ಬೀಡುಬಿಟ್ಟಿದ್ದರು. ವಾಲ್ಟರ್ಟನ್ ರಸ್ತೆಯ 101ನೆಯ ನಂಬರಿನ ಅಂಥದೊಂದು ಮನೆ ಮುಂದೆ ಸಂಗೀತ ಚರಿತ್ರೆಯಲ್ಲಿ ದಾಖಲಾಯಿತು: ಅಲ್ಲಿದ್ದವರು ಕಟ್ಟಿದ 101ಅರ್ಸ್ ತಂಡದಲ್ಲಿ ಹಾಡುತ್ತಿದ್ದವನೇ ಜೋ ಸ್ಟ್ರಮ್ಮರ್. ಆತ ಪಲೋಮಾಳ ಸಂಗಾತಿಯಾಗಿದ್ದ. ಆ ತಂಡದ ಡ್ರಮ್ಮರ್ ರಿಚರ್ಡ್ ಡುಡಾನ್‌ಸ್ಕಿ ಆಕೆಯ ಸೋದರಿ ಎಸ್ಪೆರಾನ್ಸಾಳನ್ನು ಮದುವೆಯಾದ. ಸ್ಟ್ರಮ್ಮರ್‌ನ ಗೆಳತಿ ಎಂಬ ಪಟ್ಟ ಹುಟ್ಟಿದ್ದು ಇಲ್ಲಿಂದ. ಆದರೆ ಸಂಗೀತದ ಮಟ್ಟಿಗೆ ಈ ನಂಟು ಆಕೆಗೆ ಕೊಟ್ಟದ್ದು ಶೈಲಿಯಲ್ಲ, ವಾದ್ಯಗಳು ಕೈಗೆಟಕುವ ದೂರದಲ್ಲಿದ್ದ ಒಂದು ಬದುಕು. 101ಅರ್ಸ್ ನುಡಿಸುತ್ತಿದ್ದದ್ದು ಪಬ್ಬುಗಳಿಗೆ ಒಪ್ಪುವ ಹಳೆಯ ರಾಕ್ ಅಂಡ್ ರೋಲ್. ಪಲೋಮಾ ಆಮೇಲೆ ನುಡಿಸಿದ ಯಾವುದೂ ಅದನ್ನು ಹೋಲುವುದಿಲ್ಲ.

1976ರಲ್ಲಿ ಪಂಕ್ ಲಂಡನ್ನಿನಲ್ಲಿ ತಲೆಯೆತ್ತಿದಾಗ ಪಲೋಮಾ ಡ್ರಮ್ ಹಿಡಿದಳು. ಕ್ಲ್ಯಾಶ್ ತಂಡದ ಪಾಲ್ ಸಿಮೊನನ್ ನಾಲಿಗೆಯಲ್ಲಿ ಪಲೋಮಾ ಎಂಬ ಹೆಸರು ಸಾಬೂನಿನ ಹೆಸರಾಗಿ ಹೊರಳಿ, ಅದೇ ವೇದಿಕೆಯ ಹೆಸರಾಗಿ ನಿಂತಿತು. ಸಿಡ್ ವಿಶಸ್ ಮತ್ತು ವಿವ್ ಆಲ್ಬರ್ಟೀನ್ ಇದ್ದ ಫ್ಲವರ್ಸ್ ಆಫ್ ರೊಮಾನ್ಸ್ ಎಂಬ ತಂಡದಲ್ಲಿ ಸ್ವಲ್ಪ ಕಾಲ ಅಭ್ಯಾಸ ಮಾಡಿದಳು. ಒಂದೇ ಒಂದು ಕಾರ್ಯಕ್ರಮವನ್ನೂ ಕೊಡದೆ ಆ ತಂಡ ಚದುರಿಹೋಯಿತು. ಅದೇ ವರ್ಷ ಅಮೆರಿಕದ ಗಾಯಕಿ ಪ್ಯಾಟಿ ಸ್ಮಿತ್ ಲಂಡನ್ನಿನಲ್ಲಿ ಹಾಡಿದಾಗ ಪಾಮೋಲಿವ್‌ಗೆ ಹದಿನಾಲ್ಕರ ಹುಡುಗಿ ಆರಿ ಅಪ್‌ಳ ಪರಿಚಯವಾಯಿತು. ಇಬ್ಬರೂ ಸೇರಿ ಸ್ಲಿಟ್ಸ್ ಕಟ್ಟಿದರು. ಮೊದಲಿಗೆ ಜತೆಗಿದ್ದ ಕೇಟ್ ಕೋರಸ್ ಮತ್ತು ಸೂಸಿ ಗಟ್ಸಿ ಬೇಗನೆ ಹೊರಟರು. ಬಾಸ್ ಗಿಟಾರಿಗೆ ಟೆಸ್ಸಾ ಪಾಲಿಟ್, ಗಿಟಾರಿಗೆ ವಿವ್ ಆಲ್ಬರ್ಟೀನ್ ಬಂದರು. 1977ರ ಮಾರ್ಚ್‌ನಲ್ಲಿ ಹಾರ್ಲ್ಸ್‌ಡನ್‌ನ ಕೊಲಿಸಿಯಂ ಚಿತ್ರಮಂದಿರದಲ್ಲಿ ಕ್ಲ್ಯಾಶ್‌ಗೆ ಮುನ್ನ ಸ್ಲಿಟ್ಸ್‌ನ ಮೊದಲ ಕಾರ್ಯಕ್ರಮ ನಡೆಯಿತು. ಮೇ ತಿಂಗಳಲ್ಲಿ ಕ್ಲ್ಯಾಶ್, ಬಜ್‌ಕಾಕ್ಸ್, ಸಬ್‌ವೇ ಸೆಕ್ಟ್ ತಂಡಗಳ ಜತೆ ವೈಟ್ ರಾಯಟ್ ಹೆಸರಿನ ಪ್ರವಾಸದಲ್ಲಿ ಇಂಗ್ಲೆಂಡ್ ಸುತ್ತಿದರು. ವಾದ್ಯ ಹಿಡಿದು ಒಂದು ವರ್ಷವೂ ತುಂಬದವರು ದೊಡ್ಡ ಸಭಾಂಗಣಗಳಲ್ಲಿ ನುಡಿಸುತ್ತಿದ್ದರು.

ಪಾಮೋಲಿವ್ ಮಾಡಿದ್ದೇನೆಂದು ತಿಳಿಯಲು ಉಳಿದ ಪಂಕ್ ಡ್ರಮ್ಮರ್‌ಗಳು ಏನು ಮಾಡುತ್ತಿದ್ದರೆಂದು ನೋಡಬೇಕು. ಯಾರು ಬೇಕಾದರೂ ನುಡಿಸಬಹುದು ಎಂಬುದು ಪಂಕ್‌ನ ಘೋಷಣೆಯಾಗಿತ್ತು. ಡ್ರಮ್ಮಿನ ಹಿಂದೆ ಕುಳಿತವರಲ್ಲಿ ಹೆಚ್ಚಿನವರು ಮಾತ್ರ ಒಳ್ಳೆಯ ಸಾಂಪ್ರದಾಯಿಕ ವಾದಕರು. ಕ್ಲ್ಯಾಶ್ ತಂಡದ ಟಾಪರ್ ಹೆಡನ್ ಜಾಝ್ ಮತ್ತು ಸೋಲ್ ಸಂಗೀತದಲ್ಲಿ ಪಳಗಿದ ಕೈ. ಸ್ಟ್ರ್ಯಾಂಗ್ಲರ್ಸ್‌ನ ಜೆಟ್ ಬ್ಲ್ಯಾಕ್ ಉಳಿದವರಿಗಿಂತ ಬಹಳ ಹಿರಿಯ, ಜಾಝ್ ಬಾರಿಸಿ ಬಂದವನು. ಸೆಕ್ಸ್ ಪಿಸ್ಟಲ್ಸ್‌ನ ಪಾಲ್ ಕುಕ್, ನ್ಯೂಯಾರ್ಕಿನ ಟಾಮಿ ರಮೋನ್ ಇವರೆಲ್ಲ ನುಡಿಸಿದ್ದು ರಾಕ್ ಅಂಡ್ ರೋಲ್‌ನ ಹಳೆಯ ಕ್ರಮವನ್ನೇ: ಬಲಗೈ ಹೈ-ಹ್ಯಾಟ್ ಎಂಬ ಜೋಡಿ ತಟ್ಟೆಯ ಮೇಲೆ ಎಡೆಬಿಡದೆ ಎಣಿಕೆ ಹಾಕುತ್ತಿರಬೇಕು, ನಾಲ್ಕು ಎಣಿಕೆಯ ಆವರ್ತದ ಎರಡನೆಯ ಮತ್ತು ನಾಲ್ಕನೆಯ ಘಾತ ಸ್ನೇರ್ ಡ್ರಮ್ಮಿನ ಮೇಲೆ ಬೀಳಬೇಕು, ಕಾಲಪ್ರಮಾಣ ಆರಂಭದಿಂದ ಮುಗಿಯುವ ತನಕ ಒಂದೇ ಇರಬೇಕು. ಪಂಕ್ ಇದನ್ನು ವೇಗವಾಗಿ, ಜೋರಾಗಿ ಮಾಡಿತು, ಅಷ್ಟೆ. ಪಾಮೋಲಿವ್ ವಾದನದಲ್ಲಿ ಭಾರವೆಲ್ಲ ಹೈ-ಹ್ಯಾಟ್ ಬಿಟ್ಟು ಟಾಮ್ ಎಂಬ ದಪ್ಪ ದನಿಯ ಡ್ರಮ್ಮುಗಳಿಗೆ ಇಳಿಯುತ್ತದೆ. ಎಣಿಕೆ ಹಾಕುವ ಒಂದು ಕೈ, ಘಾತ ಕೊಡುವ ಇನ್ನೊಂದು ಕೈ ಎಂಬ ವಿಭಜನೆ ಇಲ್ಲವಾಗಿ ಎರಡೂ ಕೈ ಸೇರಿ ಒಂದು ಉರುಳುವ ವಿನ್ಯಾಸವನ್ನು ಕಟ್ಟುತ್ತವೆ. ಮೆರವಣಿಗೆಯಲ್ಲಿ ಕುಣಿಯುವವರ ಹೆಜ್ಜೆ ಬಿರುಸಾದಂತೆ ತಮಟೆಯೂ ಬಿರುಸಾಗುವ ಹಾಗೆ, ಹಾಡುವ ದನಿ ಏರಿದಲ್ಲಿ ಈ ಡ್ರಮ್ಮೂ ಏರುತ್ತದೆ, ದನಿ ತಡವರಿಸಿದಲ್ಲಿ ತಾನೂ ತಡೆಯುತ್ತದೆ. ಹಾಡಿಗೆ ಹಾದಿ ಹಾಕುವ ಬದಲು ಹಾಡಿನ ಮಗ್ಗುಲಲ್ಲಿ ನಡೆಯುವ ಡ್ರಮ್ ಇದು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಆಕೆಯ ಲಯ ನಿಲ್ಲುತ್ತಿರಲಿಲ್ಲ, ಅದಕ್ಕೇ ಸ್ವಂತ ತಂಡದವರೇ ಆಕೆಯನ್ನು ಬಿಟ್ಟರು, ಸ್ಲಿಟ್ಸ್‌ನ ಮೇರುಕೃತಿ ಹೊರಬಂದದ್ದು ಆಕೆ ಹೋದ ಮೇಲೆಯೇ ಎಂಬುದು ಆ ಆಕ್ಷೇಪ. ಇದರಲ್ಲಿರುವ ಸಂಗತಿಗಳು ನಿಜ. 1978ರ ಕೊನೆಯ ವೇಳೆಗೆ ಪಾಮೋಲಿವ್ ತಂಡದಿಂದ ಹೊರಬಿದ್ದಳು. ಲಯ ಸಡಿಲವಾಗಿತ್ತು, ಜಮೈಕಾದ ರೆಗೆ ಸಂಗೀತದ ಕಡೆಗೆ ತಿರುಗುತ್ತಿದ್ದ ಹಾಡುಗಳಿಗೆ ಅದು ಹೊಂದುತ್ತಿರಲಿಲ್ಲ ಎಂಬುದು ಉಳಿದವರ ನೆನಪು. ತಂಡ ಹಿಡಿಯುತ್ತಿದ್ದ ದಾರಿಯೇ ತನಗೆ ಒಪ್ಪಿಗೆಯಿರಲಿಲ್ಲ ಎಂಬುದು ಆಕೆಯ ಮಾತು. 1979ರ ಸೆಪ್ಟೆಂಬರಿನಲ್ಲಿ ಐಲೆಂಡ್ ಕಂಪನಿ ಹೊರತಂದ ಕಟ್ ಆಲ್ಬಮ್‌ನಲ್ಲಿ ಡ್ರಮ್ ಬಾರಿಸಿದವನು ಬಡ್ಜಿ. ಬಾರ್ಬಡೋಸ್ ಮೂಲದ ರೆಗೆ ನಿರ್ಮಾಪಕ ಡೆನ್ನಿಸ್ ಬೊವೆಲ್ ಅದನ್ನು ರೂಪಿಸಿದ. ಬಡ್ಜಿಯ ವಾದನ ಗಾಳಿಯಾಡುವಂತೆ ಬಿಡಿಬಿಡಿಯಾಗಿದೆ, ಚೊಕ್ಕವಾಗಿದೆ, ಆ ಆಲ್ಬಮ್ ದೊಡ್ಡದು. ಇವುಗಳನ್ನು ಅಲ್ಲಗಳೆಯುವ ಅಗತ್ಯ ಯಾರಿಗೂ ಇಲ್ಲ.

ಆದರೆ ಕಟ್‌ನ ಹತ್ತು ಹಾಡುಗಳನ್ನು ಅವುಗಳ ಹಿಂದಿನ ರೂಪದ ಜತೆ ಇಟ್ಟು ಕೇಳಲು ನಮಗೆ ಅವಕಾಶವಿದೆ, ಈ ಹೋಲಿಕೆಯನ್ನು ಮಾಡದೆ ತೀರ್ಪು ಕೊಡುವುದು ಸರಿಯಲ್ಲ. ಬಿಬಿಸಿಯ ಜಾನ್ ಪೀಲ್ ತನ್ನ ರೇಡಿಯೊ ಕಾರ್ಯಕ್ರಮಕ್ಕಾಗಿ ಸ್ಲಿಟ್ಸ್ ತಂಡವನ್ನು 1977ರ ಸೆಪ್ಟೆಂಬರಿನಲ್ಲಿ ಮತ್ತು 1978ರಲ್ಲಿ ಸ್ಟುಡಿಯೊಗೆ ಕರೆಸಿದ್ದ. ಎರಡರಲ್ಲೂ ಡ್ರಮ್ ಪಾಮೋಲಿವ್‌ಳದು. ಮೊದಲ ಸಲ ನ್ಯೂ ಟೌನ್, ಶಾಪ್‌ಲಿಫ್ಟಿಂಗ್, ಲವ್ ಉಂಡ್ ರೊಮಾನ್ಸ್, ವಿಂಡಿಕ್ಟಿವ್ ಎಂಬ ನಾಲ್ಕು ಹಾಡು, ಎರಡನೆಯ ಸಲ ಸೋ ಟಫ್, ಇನ್‌ಸ್ಟಂಟ್ ಹಿಟ್, ಎಫ್‌ಎಂ ಎಂಬ ಮೂರು. ಈ ಏಳರಲ್ಲಿ ಆರು ಮುಂದೆ ಕಟ್ ಸೇರಿದವು. ಅದೇ ಆಲ್ಬಮ್‌ನ ಕೊನೆಯ ಹಾಡು ಅಡ್ವೆಂಚರ್ಸ್ ಕ್ಲೋಸ್ ಟು ಹೋಮ್ ಪಾಮೋಲಿವ್ ಬರೆದದ್ದು. ಎಂದರೆ ಆಕೆ ಇಲ್ಲದ ಆಲ್ಬಮ್ ಎನಿಸಿಕೊಂಡ ಕಟ್‌ನಲ್ಲಿ ಹತ್ತಕ್ಕೆ ಏಳು ಹಾಡುಗಳ ಬೆನ್ನಿಗೆ ಆಕೆ ಇದ್ದಾಳೆ. ಬಿಬಿಸಿ ಮುದ್ರಣಗಳನ್ನು ಕೇಳಿದರೆ ಈ ಹಾಡುಗಳ ವಿಚಿತ್ರ ಅಂಗರಚನೆ ಆಗಲೇ ಸಿದ್ಧವಾಗಿತ್ತೆಂದು ತಿಳಿಯುತ್ತದೆ: ಅನಿರೀಕ್ಷಿತವಾಗಿ ನಿಲ್ಲುವುದು, ಮಧ್ಯೆ ನಡೆ ಬದಲಿಸುವುದು, ಸಾಲು ಮುಗಿಯುವ ಮೊದಲೇ ಮುಂದಿನದಕ್ಕೆ ನುಗ್ಗುವುದು. ನಾಲ್ಕು ಎಣಿಕೆಗೆ ಕಟ್ಟುಬಿದ್ದ ಡ್ರಮ್ಮರ್ ಜತೆಗಿದ್ದಿದ್ದರೆ ಹಾಡುಗಳು ಆ ಆಕಾರಕ್ಕೆ ಬೆಳೆಯುತ್ತಿರಲಿಲ್ಲ. ಬಡ್ಜಿ ನುಡಿಸಿದ್ದು ಆಗಲೇ ಕೊರೆದಿದ್ದ ಕಾಲುವೆಯಲ್ಲಿ. ಲಯ ಗಟ್ಟಿಯಾಯಿತೆಂಬ ಮಾತು ನಿಜ. ಯಾವುದಕ್ಕೆ ಆ ಗಟ್ಟಿತನ ಕೊಡಲಾಯಿತೋ ಅದರ ರಚನೆಯಲ್ಲಿ ಪಾಮೋಲಿವ್ ಪಾಲು ದೊಡ್ಡದು.

ಆಕ್ಷೇಪವನ್ನು ಇನ್ನೂ ಸೂಕ್ಷ್ಮವಾಗಿ ಮಂಡಿಸಬಹುದು. ಸರಿಯಾಗಿ ಬಾರಿಸಲು ಗೊತ್ತಿಲ್ಲದ್ದರಿಂದ ಹಾಗೆ ಬಾರಿಸಿದಳು, ಗೊತ್ತಿದ್ದು ಆರಿಸಿಕೊಂಡದ್ದಲ್ಲ. ಆಕಸ್ಮಿಕವನ್ನು ಶೈಲಿ ಎಂದು ಕರೆಯುವುದು ಅಭಿಮಾನಿಗಳ ಉದಾರತೆ ಎಂದು ಕೆಲವರು ಹೇಳಿಯಾರು. 1976ರ ಪಾಮೋಲಿವ್ ಬಗ್ಗೆ ಈ ಮಾತನ್ನು ಒಪ್ಪಬಹುದು. 1979ರ ಪಾಮೋಲಿವ್ ಬಗ್ಗೆ ಒಪ್ಪಲಾಗದು, ಮತ್ತು ಅದಕ್ಕೆ ಸಾಕ್ಷಿ ರೇನ್‌ಕೋಟ್ಸ್. ಲಂಡನ್ನಿನ ಹಾರ್ನ್ಸಿ ಕಲಾ ಶಾಲೆಯಲ್ಲಿದ್ದ ಆನಾ ದ ಸಿಲ್ವಾ ಮತ್ತು ಜೀನಾ ಬರ್ಚ್ 1977ರಲ್ಲಿ ಈ ತಂಡ ಆರಂಭಿಸಿದರು. ಸ್ಲಿಟ್ಸ್ ವೇದಿಕೆಯಲ್ಲಿ ನುಡಿಸುವುದನ್ನು ಕಂಡ ಮೇಲೆಯೇ ತನಗೆ ವಾದ್ಯ ಹಿಡಿಯುವ ಧೈರ್ಯ ಬಂತೆಂದು ಬರ್ಚ್ ಹಲವು ಸಲ ಹೇಳಿದ್ದಾಳೆ. ಹೀಗೆ ತಾನು ಪ್ರೇರೇಪಿಸಿದ ತಂಡಕ್ಕೇ ಪಾಮೋಲಿವ್ ಬಂದು ಸೇರಿದಳು. ಆನಾ ದ ಸಿಲ್ವಾ ಪೋರ್ಚುಗಲ್‌ನ ಮದೀರಾ ದ್ವೀಪದವಳು, ಸಲಜಾರ್‌ನ ಸರ್ವಾಧಿಕಾರದಲ್ಲಿ ಬೆಳೆದವಳು. ಪಕ್ಕಪಕ್ಕದ ಎರಡು ಸರ್ವಾಧಿಕಾರಗಳಿಂದ ಬಂದ ಇಬ್ಬರು ಹೆಂಗಸರು ಇಂಗ್ಲಿಷಿನಲ್ಲಿ, ಪರನಾಡಿನಲ್ಲಿ, ಸೇರಿ ನುಡಿಸಿದ್ದು ಪಂಕ್ ಇಂಗ್ಲೆಂಡಿನ ಹುಡುಗರ ಸಿಟ್ಟಿನ ಕಥೆ ಮಾತ್ರ ಎಂಬ ರೂಢಿಯ ಗ್ರಹಿಕೆಯನ್ನು ತಿದ್ದುವಂಥ ಸಂಗತಿ. ನಾಲ್ಕನೆಯವಳಾಗಿ ಬಂದ ವಿಕಿ ಆಸ್ಪಿನಾಲ್ ಪಾಶ್ಚಾತ್ಯ ಶಾಸ್ತ್ರೀಯ ಪದ್ಧತಿಯಲ್ಲಿ ತರಬೇತಾದ ಪಿಟೀಲು ವಾದಕಿ.

ಈ ತಂಡದಲ್ಲಿ ಪಾಮೋಲಿವ್ ಸುಲಭವಾಗಿ ರೂಢಿಯ ಡ್ರಮ್ಮರ್ ಆಗಬಹುದಿತ್ತು. ಎರಡು ವರ್ಷ ಊರೂರು ತಿರುಗಿ ನುಡಿಸಿದ ಅನುಭವವಿತ್ತು, ಪಕ್ಕದಲ್ಲಿ ಶಾಸ್ತ್ರ ಬಲ್ಲ ವಾದಕಿ ಇದ್ದಳು, ಲಯ ಸಾಲದೆಂಬ ದೂರು ಕಿವಿಗೆ ಬಿದ್ದು ಹೆಚ್ಚು ಕಾಲವಾಗಿರಲಿಲ್ಲ. ಆಕೆ ಮಾಡಿದ್ದು ಅದಕ್ಕೆ ತದ್ವಿರುದ್ಧ. 1979ರಲ್ಲಿ ರಫ್ ಟ್ರೇಡ್ ಕಂಪನಿ ಹೊರತಂದ ಫೇರಿಟೇಲ್ ಇನ್ ದ ಸೂಪರ್‌ಮಾರ್ಕೆಟ್ ಮುದ್ರಿಕೆಯಲ್ಲೂ ಆ ವರ್ಷದ ನವೆಂಬರಿನಲ್ಲಿ ಬಂದ ತಂಡದ ಹೆಸರಿನದೇ ಆಲ್ಬಮ್‌ನಲ್ಲೂ ಟಾಮ್‌ಗಳ ಉರುಳು ಇನ್ನಷ್ಟು ಮುಂದೆ ಬಂದಿದೆ, ನಿಲುಗಡೆಗಳು ಇನ್ನಷ್ಟು ಧೈರ್ಯದವು. ಆಸ್ಪಿನಾಲ್‌ಳ ಪಿಟೀಲು ಒಂದೇ ಸ್ವರವನ್ನು ಗೀಚುತ್ತ ಎಳೆಯುವಾಗ ಡ್ರಮ್ ಅದರ ಬೆನ್ನು ಹತ್ತಿ ವೇಗ ಹೆಚ್ಚಿಸುತ್ತದೆ. ಇನ್ ಲವ್ ಹಾಡಿನಲ್ಲಿ ಪ್ರೀತಿಯ ಗೊಂದಲ ಮಾತಿಗಿಂತ ಮೊದಲು ಈ ಏರುಪೇರಿನಲ್ಲೇ ಕೇಳಿಸುತ್ತದೆ. ಸೈನಿಕನೊಬ್ಬ ಎಸಗಿದ ಅತ್ಯಾಚಾರದ ಬಗೆಗಿನ ಆಫ್ ಡ್ಯೂಟಿ ಟ್ರಿಪ್ ಹಾಡಿಗೆ ನೆಮ್ಮದಿಯ ಸಮಗತಿ ಇದ್ದಿದ್ದರೆ ಹಾಡು ಸೋಲುತ್ತಿತ್ತು. ನನ್ನ ಮಟ್ಟಿಗೆ ಇಡೀ ವಾದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡ. ಗೊತ್ತಿಲ್ಲದೆ ಆರಂಭವಾದದ್ದು ಇಲ್ಲಿ ಗೊತ್ತಿದ್ದು ಮುಂದುವರಿದಿದೆ, ಮತ್ತು ಅದು ಹಾಡಿನ ಅರ್ಥಕ್ಕೆ ಕೆಲಸ ಮಾಡುತ್ತಿದೆ. ಅಡ್ವೆಂಚರ್ಸ್ ಕ್ಲೋಸ್ ಟು ಹೋಮ್ ಈ ಆಲ್ಬಮ್‌ನಲ್ಲೂ ಇದೆ. ಒಂದೇ ವರ್ಷ, ಒಂದೇ ಹಾಡು, ಬಡ್ಜಿಯ ಡ್ರಮ್ಮಿನೊಂದಿಗೆ ಒಮ್ಮೆ, ಬರೆದವಳ ಡ್ರಮ್ಮಿನೊಂದಿಗೆ ಒಮ್ಮೆ. ಸ್ಲಿಟ್ಸ್‌ನದು ಹೆಚ್ಚು ನಯವಾದದ್ದು. ರೇನ್‌ಕೋಟ್ಸ್‌ನದರಲ್ಲಿ ಹಾಡಿನ ಹೆಜ್ಜೆ ಯಾವ ಕ್ಷಣಕ್ಕೆ ಎತ್ತ ತಿರುಗುವುದೋ ಎಂಬ ಆತಂಕ ಉಳಿದುಕೊಂಡಿದೆ. ಎರಡರಲ್ಲಿ ಒಂದನ್ನು ಆರಿಸುವುದು ಕೇಳುವವರ ರುಚಿಗೆ ಬಿಟ್ಟದ್ದು. ಒಂದನ್ನು ಮಾತ್ರ ಸರಿ ಎಂದು, ಇನ್ನೊಂದನ್ನು ತಪ್ಪು ಎಂದು ಕರೆಯಲು ಸಂಗೀತದ ಒಳಗಿನಿಂದ ಯಾವ ಕಾರಣವೂ ಸಿಗದು.

ಇದರಲ್ಲಿ ಹೊಸತೇನಿದೆ ಎಂದು ಕೇಳುವವರೂ ಇದ್ದಾರೆ. ರಾಕ್ ಸಂಗೀತದಲ್ಲಿ ಹೆಣ್ಣು ಡ್ರಮ್ಮರ್‌ಗಳು ಪಾಮೋಲಿವ್‌ಗೆ ಮುನ್ನವೇ ಇದ್ದರು. 1964ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಹನಿಕೋಂಬ್ಸ್ ತಂಡದಲ್ಲಿ ಹನಿ ಲ್ಯಾಂಟ್ರಿ, 1975ರಿಂದ ಲಾಸ್ ಏಂಜಲಿಸ್‌ನ ರನ್‌ಅವೇಸ್‌ನಲ್ಲಿ ಸ್ಯಾಂಡಿ ವೆಸ್ಟ್. ಇವರಿಬ್ಬರೂ ಪಳಗಿದ ವಾದಕಿಯರು, ನುಡಿಸಿದ್ದು ಆಯಾ ಕಾಲದ ಅಂಗೀಕೃತ ರೀತಿಯಲ್ಲಿ. ಹೆಚ್ಚು ಗಂಭೀರ ಪೂರ್ವಪಕ್ಷ ಮೋ ಟಕ್ಕರ್‌ಳದು. ನ್ಯೂಯಾರ್ಕಿನ ವೆಲ್ವೆಟ್ ಅಂಡರ್‌ಗ್ರೌಂಡ್ ತಂಡದಲ್ಲಿ 1960ರ ದಶಕದಲ್ಲೇ ಆಕೆ ನಿಂತುಕೊಂಡು, ಬಾಸ್ ಡ್ರಮ್ಮನ್ನು ಮಗುಚಿಟ್ಟು, ದಪ್ಪ ಕೋಲುಗಳಿಂದ ಬಾರಿಸಿ ಸಿಂಬಲ್‌ಗಳನ್ನು ಬಹುತೇಕ ದೂರವಿಟ್ಟಿದ್ದಳು. ಟಾಮ್‌ಗಳಿಗೆ ಭಾರ ಕೊಡುವುದರಲ್ಲಿ ಆಕೆಯೇ ಮೊದಲಿಗಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಟಕ್ಕರ್‌ಳ ಹಿರಿಮೆ ಅಲುಗದ ಸ್ಥಿರತೆಯಲ್ಲಿದೆ. ಸುತ್ತ ಗಿಟಾರುಗಳು ಎಷ್ಟೇ ಗದ್ದಲ ಮಾಡಿದರೂ ಆಕೆಯ ಘಾತ ಜರುಗುವುದಿಲ್ಲ, ಆ ಗದ್ದಲ ಸಾಧ್ಯವಾಗುವುದೇ ಅದರಿಂದ. ಪಾಮೋಲಿವ್ ಮಾಡುವುದು ಅದರ ಮಗ್ಗುಲಿನ ಇನ್ನೊಂದು ಕೆಲಸ. ಸ್ಥಿರತೆಯ ಹೊಣೆಯನ್ನು ಬಾಸ್ ಗಿಟಾರಿಗೋ ದನಿಗೋ ವರ್ಗಾಯಿಸಿ, ಡ್ರಮ್ಮನ್ನು ಮಾತಾಡಲು ಬಿಡುತ್ತಾಳೆ. ಸ್ಲಿಟ್ಸ್‌ನಲ್ಲಿ ಟೆಸ್ಸಾ ಪಾಲಿಟ್‌ಳ ಬಾಸ್ ಅಷ್ಟು ಮುಂದೆ ನಿಂತದ್ದಕ್ಕೆ ರೆಗೆಯ ಪ್ರಭಾವವನ್ನು ಕಾರಣ ಕೊಡುವುದುಂಟು. ಡ್ರಮ್ ತೆರವು ಮಾಡಿಕೊಟ್ಟ ಜಾಗವೂ ಅದಕ್ಕೆ ಕಾರಣವೇ.

ಆಲ್ಬಮ್ ಮುದ್ರಣವಾದ ಮೇಲೆ, 1979ರಲ್ಲೇ, ಪಾಮೋಲಿವ್ ರೇನ್‌ಕೋಟ್ಸ್ ತೊರೆದಳು. ಸಂಗೀತದ ಬದುಕಿನಿಂದಲೇ ದೂರ ಸರಿದು ಆಧ್ಯಾತ್ಮಿಕ ಹುಡುಕಾಟಕ್ಕೆಂದು ಭಾರತಕ್ಕೂ ಬಂದು ಹೋದಳು. ಮುಂದೆ ಡೇವ್ ಮೆಕ್‌ಲಾರ್ಡಿಯನ್ನು ಮದುವೆಯಾಗಿ, ಕ್ರೈಸ್ತ ನಂಬಿಕೆಗೆ ಒಲಿದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ನೆಲೆಸಿ ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಸಿದಳು. ಪಂಕ್ ಬಗ್ಗೆ ಬರೆಯುವ ಕೆಲವರಿಗೆ ಇದು ಇರುಸುಮುರುಸಿನ ವಿಷಯ. ಬಂಡಾಯದಿಂದ ಚರ್ಚಿಗೆ ಮರಳಿದ್ದು ಸೋಲು ಎಂಬಂತೆ ಅವರು ಆ ಭಾಗವನ್ನು ಬೇಗ ದಾಟಿಬಿಡುತ್ತಾರೆ. ಹಾಗೆ ದಾಟುವುದು ಅನ್ಯಾಯ. ಊರು, ತಂಡ, ಸಂಗೀತ, ಯಾವುದರಲ್ಲೂ ಒಪ್ಪಿಗೆಯಾಗದಿದ್ದಾಗ ಎದ್ದು ಹೋಗುವ ಸ್ವಭಾವ ಆಕೆಯದು. ಫ್ರಾಂಕೊನ ಸ್ಪೇನ್ ಬಿಟ್ಟದ್ದೂ ಅದೇ ಸ್ವಭಾವದಿಂದ, ಹೆಸರು ಬರುವ ಹೊತ್ತಿಗೆ ರೇನ್‌ಕೋಟ್ಸ್ ಬಿಟ್ಟದ್ದೂ ಅದೇ ಸ್ವಭಾವದಿಂದ. ಆಕೆಯ ನಿರ್ಗಮನದ ನಂತರ ರೇನ್‌ಕೋಟ್ಸ್ 1981ರಲ್ಲಿ ತಂದ ಒಡಿಶೇಪ್ ಆಲ್ಬಮ್‌ನಲ್ಲಿ ಇಂಗ್ರಿಡ್ ವೈಸ್ ಜತೆಗೆ ರಾಬರ್ಟ್ ವಯಟ್, ಚಾರ್ಲ್ಸ್ ಹೇವರ್ಡ್, ಡುಡಾನ್‌ಸ್ಕಿ ಹೀಗೆ ಹಲವರು ತಾಳವಾದ್ಯ ನುಡಿಸಿದರು. ಸಂಗೀತ ಇನ್ನಷ್ಟು ಚದುರಿ, ಮೆಲುವಾಯಿತು. ಒಬ್ಬಳ ಜಾಗ ತುಂಬಲು ಹಲವರು ಬೇಕಾದರು ಎಂದು ಇದನ್ನು ಓದುವುದು ಅತಿಯಾದೀತು. ತಂಡ ಬೇರೆ ದಾರಿ ಹಿಡಿಯಿತು ಎಂದಷ್ಟೇ ಹೇಳಬಹುದು.

ಮೂರು ವರ್ಷ ಬಾರಿಸಿದವಳಿಗೆ ಇಷ್ಟು ಮಹತ್ವ ಸಲ್ಲುತ್ತದೆಯೇ ಎಂಬ ಕೊನೆಯ ಅನುಮಾನಕ್ಕೆ ಮುಂದಿನ ಪೀಳಿಗೆಯ ವಾದಕರೇ ಉತ್ತರ ಕೊಟ್ಟಿದ್ದಾರೆ. ರಾಯಟ್ ಗರ್ಲ್ ಎಂಬ ಅಮೆರಿಕದ ಸ್ತ್ರೀವಾದಿ ಪಂಕ್ ಚಳವಳಿಯ ಮುಂಚೂಣಿಯಲ್ಲಿದ್ದ ಬಿಕಿನಿ ಕಿಲ್ ತಂಡದ ಡ್ರಮ್ಮರ್ ಟೋಬಿ ವೇಲ್ ರೇನ್‌ಕೋಟ್ಸ್‌ನ ಕಟ್ಟಾ ಅಭಿಮಾನಿ. ಹೋಲ್ ತಂಡ ಈ ಮೊದಲ ಆಲ್ಬಮ್‌ನ ದ ವಾಯ್ಡ್ ಹಾಡನ್ನು ಮರುನುಡಿಸಿತು. ನಿರ್ವಾಣ ತಂಡದ ಕರ್ಟ್ ಕೊಬೇನ್ ಲಂಡನ್ನಿನಲ್ಲಿ ಆನಾ ದ ಸಿಲ್ವಾಳನ್ನು ಹುಡುಕಿಕೊಂಡು ಹೋಗಿದ್ದ. 1993ರಲ್ಲಿ ಆಲ್ಬಮ್ ಮರುಮುದ್ರಣವಾದಾಗ ಅದಕ್ಕೆ ಟಿಪ್ಪಣಿ ಬರೆದ. 1994ರಲ್ಲಿ ರೇನ್‌ಕೋಟ್ಸ್ ಮತ್ತೆ ಒಂದುಗೂಡಿದಾಗ ಡ್ರಮ್ಮಿನ ಹಿಂದೆ ಕುಳಿತವನು ಸೋನಿಕ್ ಯೂತ್‌ನ ಸ್ಟೀವ್ ಶೆಲ್ಲಿ, ಆ ಕಾಲದ ಅತ್ಯಂತ ಗೌರವಾನ್ವಿತ ಡ್ರಮ್ಮರ್‌ಗಳಲ್ಲಿ ಒಬ್ಬ.

ಆಕೆಯ ಹೆಸರು ಇಷ್ಟು ಕಾಲ ಮಸುಕಾಗಿದ್ದದ್ದಕ್ಕೆ ಕಾರಣವನ್ನು ವಾದನದ ಗುಣದಲ್ಲಿ ಹುಡುಕುವುದಕ್ಕಿಂತ ಮುದ್ರಿಕೆಗಳ ಲಭ್ಯತೆಯಲ್ಲಿ ಹುಡುಕುವುದು ಮೇಲು. 1977ರ ಬಿಬಿಸಿ ಮುದ್ರಣ ಅಂಗಡಿಗೆ ಬಂದದ್ದು 1987ರಲ್ಲಿ. ಅಲ್ಲಿಯವರೆಗೆ ಅದು ರೇಡಿಯೊದಲ್ಲಿ ಕೇಳಿದವರ ಸ್ವಂತ ಟೇಪುಗಳಲ್ಲಿ ಉಳಿದಿತ್ತು. ರೇನ್‌ಕೋಟ್ಸ್‌ನ ಆಲ್ಬಮ್ 1993ರ ಮರುಮುದ್ರಣದವರೆಗೆ ಸುಲಭವಾಗಿ ಸಿಗುತ್ತಿರಲಿಲ್ಲ. ಈ ಅವಧಿಯಲ್ಲೆಲ್ಲ ಎಲ್ಲೆಡೆ ಕೈಗೆ ಸಿಗುತ್ತಿದ್ದದ್ದು ಕಟ್, ಅದರಲ್ಲಿ ಆಕೆ ಬಾರಿಸಿರಲಿಲ್ಲ. ಪಂಕ್‌ನ ಮೊದಲ ಚರಿತ್ರೆಗಳು ಬರೆಯಲ್ಪಟ್ಟದ್ದು ಇದೇ ವರ್ಷಗಳಲ್ಲಿ, ಆಕೆಯ ಡ್ರಮ್ಮನ್ನು ಕೇಳುವ ಸುಲಭ ದಾರಿ ಇಲ್ಲದಿದ್ದಾಗ. ಆ ಪುಸ್ತಕಗಳ ತೀರ್ಪನ್ನು ಆಮೇಲಿನವರು ನಕಲು ಮಾಡುತ್ತ ಬಂದರು. 2014ರಲ್ಲಿ ವಿವ್ ಆಲ್ಬರ್ಟೀನ್‌ಳ ಆತ್ಮಕಥೆ, 2017ರಲ್ಲಿ ಸ್ಲಿಟ್ಸ್ ಕುರಿತ ಹಿಯರ್ ಟು ಬಿ ಹರ್ಡ್ ಸಾಕ್ಷ್ಯಚಿತ್ರ ಬಂದ ಮೇಲೆ ಆ ದಿನಗಳ ಬಗ್ಗೆ ಒಳಗಿನವರ ಮಾತು ಹೊರಬಿತ್ತು. ಪಾಮೋಲಿವ್ ನುಡಿಸಿದ ಎಲ್ಲ ಮುಖ್ಯ ಮುದ್ರಣಗಳೂ ಈಗ ಯಾರಿಗೆ ಬೇಕಾದರೂ ಸಿಗುತ್ತವೆ.